ಪೊರೆ ಬಿಡದ ಸಣ್ಣಿ

ಹಳೆಯ ಹೊಲಿಗೆ ಬಿಚ್ಚುವುದರಲ್ಲಿ ಅಂಚಕ್ಕನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ಉಡುಪುಗಳನ್ನು ಅಳತೆಗೆ ಸರಿಮಾಡಿ ಕೊಡುವ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಅದೇ ಅವಳ ಕೆಲಸ. ಕೋಟಿನ ಅಂಚನ್ನು ಬಟ್ಟೆಗೇ ಗೊತ್ತಾಗದ ಹಾಗೆ ಬಿಚ್ಚುತ್ತಾಳೆಂದು ಅಂಗಡಿಯವರು ಇಟ್ಟ ಹೆಸರು ಅದು. ಯಾರ ಮುಖಕ್ಕೂ ಅಳುಕದೆ ಮಾತಾಡುವ ಹೆಂಗಸು, ಹಲ್ಲಿ ಕಂಡರೆ ಮಾತ್ರ ಬೆವರುತ್ತಿದ್ದಳು. ಅವಳ ಮಾವ ಸಾಕಿದ್ದು ಹಲ್ಲಿಗಳನ್ನೇ.

ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದ ಮಾವನ ಗಾಜಿನ ಪೆಟ್ಟಿಗೆಯಲ್ಲಿ ಎರಡಿದ್ದವು: ದಪ್ಪಿ ಮತ್ತು ಸಣ್ಣಿ. ಗೋಡೆಯ ಹಲ್ಲಿಯಂಥವಲ್ಲ: ಹಳದಿ ಮೈ, ಕಪ್ಪು ಚುಕ್ಕೆ, ಹೆಬ್ಬೆರಳಿನಷ್ಟು ದಪ್ಪ ಬಾಲ. ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಮಾವ ಆಸ್ಪತ್ರೆಯ ಹತ್ತಿರದ ಮಗಳ ಮನೆಗೆ ಒಂದು ವಾರ ಹೋದಾಗ ಸೊಸೆಗೆ ಹೇಳಿದ್ದು ಎರಡೇ ಮಾತು. ಹುಳ ಹಾಕು, ಮೂಲೆಯ ಡಬ್ಬಿಯಲ್ಲಿರುವ ಪಾಚಿಗೆ ದಿನಾ ನೀರು ಚಿಮುಕಿಸು. ಹುಳವನ್ನು ಉದ್ದನೆಯ ಇಕ್ಕಳದಿಂದ ಮೇಲಿನಿಂದಲೇ ಹಾಕಿದಳು. ಡಬ್ಬಿ ತೆರೆಯಲು ಪೆಟ್ಟಿಗೆಯೊಳಗೆ ಕೈ ಇಡಬೇಕಿತ್ತು. ಅದೊಂದು ಅವಳಿಂದ ಆಗಲಿಲ್ಲ.

ಮಾವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದವರೇ, "ಎರಡೂ ಪೊರೆ ಬಿಟ್ಟವೇನಮ್ಮ?" ಎಂದರು. ಅವರು ಬಗ್ಗುವಂತಿರಲಿಲ್ಲ. ಇನ್ನೊಂದು ಕಣ್ಣೂ ಅಷ್ಟಕ್ಕಷ್ಟೆ. ಅವಳೇ ಇಣುಕಿದಳು. ದಪ್ಪಿ ಹೊಸ ಚರ್ಮದಲ್ಲಿ ಹೊಳೆಯುತ್ತಿತ್ತು. ಸಣ್ಣಿಯ ಕಾಲ್ಬೆರಳುಗಳಿಗೆಲ್ಲ ಬೂದು ಬಣ್ಣದ ಒಣ ಸಿಪ್ಪೆ ದಾರದಂತೆ ಬಿಗಿದುಕೊಂಡಿತ್ತು, ಬಲಗಣ್ಣು ತೆರೆದಿರಲಿಲ್ಲ.

"ಮಾವ, ಪಾಚಿಗೆ ನಾನು ನೀರು ಹಾಕ್ಲಿಲ್ಲ. ಕೈ ಇಡೋಕೆ ಧೈರ್ಯ ಬರ್ಲಿಲ್ಲ."

ಮಾವ ಪೆಟ್ಟಿಗೆಯ ಕಡೆ ಮುಖ ತಿರುಗಿಸಿದರು. "ಈಗ ಇಡ್ತೀಯಾ?"

"ಇಡ್ತೀನಿ."

ಪ್ರಾಣಿಗಳ ವೈದ್ಯೆ ಫೋನಿನಲ್ಲಿ ಬಿಡಿಸಿ ಹೇಳಿದರು. "ಪಾಚಿಯ ತೇವ ಇಲ್ದೆ ಸಿಪ್ಪೆ ಬಿಗಿದ್ರೆ ರಕ್ತ ಓಡಲ್ಲ, ಬೆರಳೇ ಹೋಗುತ್ತೆ. ಹಾಗಂತ ಎಳೀಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಕಾಲು ಗಂಟೆ ಬಿಡಿ, ನೀರು ಹೊಟ್ಟೆ ತಾಗುವಷ್ಟಿರಲಿ, ಸಾಕು. ಆಮೇಲೆ ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲಗೆ ಉಜ್ಜಿ. ಕಣ್ಣಿನ ತಂಟೆಗೆ ಹೋಗ್ಬೇಡಿ, ನಾಳೆ ಕರ್ಕೊಂಡು ಬನ್ನಿ."

ಅಂಚಕ್ಕ ತಟ್ಟೆಯಲ್ಲಿ ನೀರಿಟ್ಟು ತೋಳಿನ ಬಟ್ಟೆ ಮೇಲಕ್ಕೆ ಮಡಚಿದಳು. "ಬಾಲ ಹಿಡೀಬೇಡಮ್ಮ, ಅದನ್ನ ನಿನ್ನ ಕೈಗೇ ಕೊಟ್ಟು ಓಡಿಹೋಗ್ತಾಳೆ," ಎಂದರು ಮಾವ. ಅವಳ ಗಂಡ ಬಾಗಿಲಾಚೆ ನಿಂತು, "ಹೆದರ್ಕೋಬೇಡ, ನಾನಿದೀನಿ," ಎಂದ.

"ಇರೋದಾದ್ರೆ ಒಳಗೆ ಬನ್ರೀ," ಎಂದಳು. ಅವನು ಬರಲಿಲ್ಲ.

ಅಂಗೈಯನ್ನು ಸಣ್ಣಿಯ ಹೊಟ್ಟೆಯಡಿ ತೂರಿಸಿ ಎತ್ತಿದಳು. ತಣ್ಣಗಿನ ಹೊಟ್ಟೆಯೊಳಗೆ ಅಂಗಿ ಗುಂಡಿಯಷ್ಟು ಎದೆ ಡವಗುಟ್ಟುವುದು ಕೈಗೆ ತಿಳಿಯುತ್ತಿತ್ತು. ಇದೂ ನನ್ನಷ್ಟೇ ಹೆದರಿದೆ ಅನ್ನಿಸಿತು, ಮೆಲ್ಲಗೆ ತಟ್ಟೆಯ ನೀರಿಗೆ ಇಳಿಸಿದಳು.

ಮೊದಲ ದಿನ ಬಿಟ್ಟಿದ್ದು ಎರಡು ಬೆರಳು. ಮೂರನೆಯದರ ಸಿಪ್ಪೆಯ ತುದಿ ಎದ್ದು ನಿಂತಿತ್ತು, ಒಮ್ಮೆ ಎಳೆದರೆ ಬಂದುಬಿಡುತ್ತದೆ ಎನ್ನುವಂತಿತ್ತು. ಅವಸರಕ್ಕೆ ಎಳೆದ ದಾರ ಬಟ್ಟೆಯನ್ನೂ ಹರಿಯುವುದನ್ನು ಅವಳು ಎಷ್ಟು ಸಲ ಕಂಡಿದ್ದಳೋ. ಕಡ್ಡಿ ಕೆಳಗಿಟ್ಟಳು.

"ಇಬ್ಬರಿಗೂ ಒಂದೇ ಕಾಯಿಲೆ ನೋಡು," ಎಂದರು ಮಾವ. "ನನ್ನ ಪೊರೆ ಡಾಕ್ಟರು ತೆಗೆದ್ರು. ಇವಳದ್ದು ನಿನ್ನ ಪಾಲಿಗೆ ಬಂತು."

ಮರುದಿನ ಅರ್ಧ ದಿನದ ರಜೆ ಕೇಳಿದಾಗ ಅಂಗಡಿಯ ಯಜಮಾನಿ ನಕ್ಕರು. "ಹಲ್ಲಿಗೆ ಸ್ನಾನ ಮಾಡಿಸೋಕೆ ರಜೆಯೇನೇ?"

"ಹೌದಕ್ಕ. ಕೆಡಿಸಿದ್ದು ನಾನು, ಸರಿಮಾಡೋದೂ ನಾನೇ. ಕೆಲಸ ಸಂಜೆ ಕೂತು ಮುಗಿಸ್ತೀನಿ."

ವೈದ್ಯೆ ಹನಿ ಔಷಧಿ ಬಿಟ್ಟು ಕಣ್ಣಿನ ಸಿಪ್ಪೆ ತೆಗೆದರು. ಬೆರಳುಗಳನ್ನು ಮನೆಯಲ್ಲೇ ಮುಂದುವರಿಸಲು ಹೇಳಿದರು. ಕೆಲಸಕ್ಕೆ ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಆರು ದಿನ ಅಂಚಕ್ಕ ಬಿಡದೆ ಕೂತಳು. ಸಣ್ಣಿ ಒಮ್ಮೆ ಬೆರಳು ಕಚ್ಚಿತು. "ಕಚ್ಚು, ಪರವಾಗಿಲ್ಲ," ಎಂದು ಇನ್ನೊಂದು ಕಾಲು ಹಿಡಿದುಕೊಂಡಳು. ಒಂದೊಂದೇ ಬೆರಳು ಗುಲಾಬಿ ಬಣ್ಣಕ್ಕೆ ತಿರುಗಿತು. ಹಿಂಗಾಲಿನ ಕಿರುಬೆರಳು ಮಾತ್ರ ಅಷ್ಟರಲ್ಲಿ ಕಪ್ಪಾಗಿತ್ತು. ಒಂದು ಬೆಳಿಗ್ಗೆ ಅದರ ತುದಿ ಪೆಟ್ಟಿಗೆಯ ನೆಲದ ಮೇಲೆ ಬಿದ್ದಿತ್ತು. ಅಂಚಕ್ಕ ಅದನ್ನು ಹೆಕ್ಕಿ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಳು.

ಪಟ್ಟಿ ಬಿಚ್ಚಿದ ದಿನ ಮಾವ ಸಣ್ಣಿಯ ಕಾಲುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ನಾನಾಗಿದ್ರೂ ಎರಡು ಬೆರಳು ಕಳೀತಿದ್ದೆ."

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ ಮಾವ."

"ಸರಿ, ಒಂದು ಕಳೀತಿದ್ದೆ."

ಮುಂದಿನ ತಿಂಗಳು ಮತ್ತೆ ಪೊರೆ ಬಿಡುವ ಸಮಯ ಬಂದು ಸಣ್ಣಿಯ ಬಣ್ಣ ಮಂಕಾದಾಗ ಅಂಚಕ್ಕ ತಾನೇ ಕೈ ಇಟ್ಟು ಪಾಚಿ ಬದಲಿಸಿದಳು, ನೀರು ಚಿಮುಕಿಸಿದಳು. ಸಣ್ಣಿ ಡಬ್ಬಿಯೊಳಗಿಂದ ತಲೆ ಹೊರಹಾಕಿ, ಮೂತಿಯ ಹತ್ತಿರ ಚರ್ಮ ಬಿರಿಸಿಕೊಂಡು, ಕಾಲಿನ ಪೊರೆಯನ್ನು ಕಾಲುಚೀಲ ಕಳಚುವ ಹಾಗೆ ಬಾಯಲ್ಲಿ ಎಳೆದು ನುಂಗತೊಡಗಿತು.

"ಬೇಗ ಬನ್ನಿ ಮಾವ," ಎಂದು ಅಂಚಕ್ಕ ಪೆಟ್ಟಿಗೆಯ ಮುಂದೆ ಇನ್ನೊಂದು ಸ್ಟೂಲು ಎಳೆದಿಟ್ಟಳು.