ಗೋಡೆ ಸರಿಸಿದ ಭಾನುವಾರ

ಹೆಬ್ಬಗೋಡಿಯಲ್ಲಿ ಆಗಿನ್ನೂ ಮನೆಗೊಂದು ಕಂಪ್ಯೂಟರ್ ಬಂದಿರಲಿಲ್ಲ. ನಮ್ಮ ವಠಾರದ ಎಂಟು ಮನೆಗಳಿಗೂ ಸೇರಿ ಇದ್ದದ್ದು ಒಂದೇ, ಅದೂ ನಮ್ಮಲ್ಲಿ. ಅಪ್ಪ ವೆಲ್ಡಿಂಗ್ ಮಾಡುತ್ತಿದ್ದ ಕಾರ್ಖಾನೆಯವರು ಹಳೆಯದನ್ನು ತೆಗೆದುಹಾಕುವಾಗ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅಡುಗೆ ಕಟ್ಟೆಯ ಪಕ್ಕದ ಮೇಜೇ ಅದರ ಜಾಗ. ಕಾದಾಗ ಅದರಿಂದ ಸುಟ್ಟ ಧೂಳಿನ ವಾಸನೆ ಬರುತ್ತಿತ್ತು. ಹೆಂಚಿನ ಮೇಲಿನ ಜೋಳದ ರೊಟ್ಟಿಯ ವಾಸನೆಯೊಂದಿಗೆ ಅದು ಬೆರೆತು, ಇವತ್ತಿಗೂ ನನಗೆ ಬೇಸಿಗೆ ರಜೆ ಎಂದರೆ ಆ ವಾಸನೆಯೇ.

ನಾವು ಬಾಗಲಕೋಟೆ ಕಡೆಯವರು. ಅವ್ವ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಟೈಲರ್. ನಾನು ಆರನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳ ಕಾರ್ಖಾನೆಯವರು ಪ್ಯಾಟರ್ನ್ ವಿಭಾಗಕ್ಕೆ ಒಬ್ಬರನ್ನು ಒಳಗಿನಿಂದಲೇ ಆರಿಸುತ್ತೇವೆ ಎಂದರು. ಬಟ್ಟೆ ಕತ್ತರಿಸುವ ಮೊದಲು ತೋಳು, ಕಾಲರು, ಬೆನ್ನಿನ ಆಕಾರಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವ ಕೆಲಸ. ಎರಡು ವಾರದಲ್ಲಿ ಪರೀಕ್ಷೆ. ಅಲ್ಲಿನ ಮಾಸ್ಟರ್ ಅಭ್ಯಾಸಕ್ಕೆಂದು ಅವ್ವನಿಗೊಂದು ಸಿ.ಡಿ. ಕೊಟ್ಟರು. ಮನೆಗೆ ತಂದು ಹಾಕಿದರೆ ಜಾಗ ಸಾಲದು ಎಂದಿತು. ಸಿ ಡ್ರೈವ್ ಭರ್ತಿಯಾಗಿತ್ತು. ಪಕ್ಕದ ಡಿ ಡ್ರೈವ್ ಅರ್ಧಕ್ಕರ್ಧ ಖಾಲಿ, ಆದರೆ ಆ ಸಾಫ್ಟ್‌ವೇರ್ ಸಿ ಬಿಟ್ಟು ಬೇರೆಲ್ಲೂ ಕೂರುತ್ತಿರಲಿಲ್ಲ.

ಮುಖ್ಯರಸ್ತೆಯ ರಿಪೇರಿ ಅಂಗಡಿಯವನು, "ಫಾರ್ಮ್ಯಾಟ್ ಹೊಡೀಬೇಕು ಅಕ್ಕ, ಒಳಗಿರೋದೆಲ್ಲ ಹೋಗುತ್ತೆ" ಎಂದ. ಅವ್ವ ಕಂಪ್ಯೂಟರನ್ನು ವಾಪಸು ಹೊತ್ತು ತಂದಳು. ಡಿ ಡ್ರೈವಿನ ಒಳಗಿದ್ದದ್ದು ಚಿಕ್ಕಪ್ಪನ ಫೋನಿನಲ್ಲಿ ತೆಗೆದ ವಿಡಿಯೋಗಳು. ತಮ್ಮ ಮುತ್ತು ಮೊದಲ ಸಲ ನಡೆದದ್ದು, ಊರಲ್ಲಿ ಅಜ್ಜಿ, ನಮ್ಮ ಆಯಿ, ರೊಟ್ಟಿ ಬಡಿಯುತ್ತ ಹಾಡಿದ್ದು, ನಾನು ಶಾಲೆಯಲ್ಲಿ ಕುಣಿದದ್ದು. ಆಯಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ಮೂರನೇ ಮನೆಯ ಶಬಾನಕ್ಕ ಐಟಿಐ ಮುಗಿಸಿ, ಎಲೆಕ್ಟ್ರಾನಿಕ್ ಸಿಟಿಯ ಆಫೀಸೊಂದರಲ್ಲಿ ಕಂಪ್ಯೂಟರ್ ಸರಿಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ವಿಷಯ ಕೇಳಿ ನಕ್ಕಳು.

"ಫಾರ್ಮ್ಯಾಟ್ ಯಾಕೆ ಆಂಟಿ? ಇರೋದು ಒಂದೇ ಡಿಸ್ಕು, ಎರಡು ರೂಮ್ ಮಾಡಿದ್ದಾರೆ ಅಷ್ಟೆ. ಮಧ್ಯದ ಗೋಡೆನ ಡಿ ಕಡೆಗೆ ಸರಿಸೋಣ. ಸಾಮಾನು ಒಡೆಯಲ್ಲ. ಸರಿಸ್ತಿರೋವಾಗ ಕರೆಂಟ್ ಹೋದ್ರೆ ಮಾತ್ರ ಎಲ್ಲ ಹೋದಂಗೆ."

ಆಗ ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು.

ಕಾಪಿ ಮಾಡಿಕೊಳ್ಳದೆ ಕೈ ಹಾಕುವುದಿಲ್ಲ ಎಂದು ಶಬಾನಕ್ಕ ಹಟ ಹಿಡಿದಳು. ಆದರೆ ಅವಳಲ್ಲಿದ್ದ ಪೆನ್ ಡ್ರೈವಿನಲ್ಲಿ ವಿಡಿಯೋಗಳ ಕಾಲು ಭಾಗವೂ ಹಿಡಿಯುತ್ತಿರಲಿಲ್ಲ. ಯಾವುದು ಬೇಕೋ ಆರಿಸಿ ಎಂದಳು. ಶನಿವಾರ ಸಂಜೆ ಅವ್ವ ಮೇಜಿನ ಮುಂದೆ ಕೂತು ಒಂದೊಂದನ್ನೇ ಬೆರಳು ಮಾಡಿ ತೋರಿಸಿದಳು. ಆಯಿಯ ಹಾಡು. ಮುತ್ತುವಿನ ನಡಿಗೆ. ಅಷ್ಟಕ್ಕೇ ಪೆನ್ ಡ್ರೈವ್ ತುಂಬಿತು.

"ನಂದು?" ಎಂದೆ.

"ನೀ ಇಲ್ಲೇ ಅದೀಯಲ್ಲ. ಬೇಕಂದ್ರ ಈಗ ಕುಣಿ. ಆಯಿ ಮತ್ತ ಬಂದು ಹಾಡ್ತಾಳೇನು?"

ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ನೀರಿನ ತೊಟ್ಟಿಯ ಹಿಂದೆ ಕೂತು, ನನ್ನದೊಂದೇ ಯಾಕೆ, ಎಲ್ಲ ಅಳಿಸಿಹೋಗಲಿ ಎಂದು ಬಾಯಿಬಿಟ್ಟೇ ಹೇಳಿಕೊಂಡೆ.

ಭಾನುವಾರ ಬೆಳಗ್ಗೆ ಅವ್ವ ಮನೆ ಮಾಲೀಕರಾದ ಜಯಮ್ಮನವರ ಹತ್ತಿರ ಹೋದಳು. ಇನ್ವರ್ಟರ್ ಇದ್ದದ್ದು ಅವರೊಬ್ಬರ ಮನೆಯಲ್ಲಿ. ಜೊತೆಗೆ ಹೋದ ಶಬಾನಕ್ಕ, "ಪಾರ್ಟಿಷನ್ ಮಾಡ್ಬೇಕು ಆಂಟಿ, ಸ್ವಲ್ಪ ಕರೆಂಟ್ ಬೇಕಿತ್ತು" ಎಂದಳು. ಜಯಮ್ಮನವರ ಮುಖ ಇಳಿದುಹೋಯಿತು. ಅವರ ಮೈದುನಂದಿರು ಹೊಲ ಭಾಗ ಮಾಡಿಕೊಂಡು ಮಾತು ಬಿಟ್ಟು ಬಹಳ ವರ್ಷವಾಗಿರಲಿಲ್ಲ.

"ಪಾರ್ಟಿಷನ್ನಾ? ಚೆನ್ನಾಗೇ ಇದ್ರಲ್ಲಮ್ಮ ಗಂಡ ಎಂಡ್ತಿ, ಏನಾಯ್ತು?"

ವಿಷಯ ಬಿಡಿಸಿ ಹೇಳಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ತಾವೇ ಕಿಟಕಿಯಿಂದ ಉದ್ದದ ವೈರು ಎಳೆದುಕೊಟ್ಟರು. ಅಂಗಳದಲ್ಲಿ ನಿಂತು ಎಂಟೂ ಮನೆಗೆ ಕೇಳುವಂತೆ, "ನಾನು ಸರಿ ಅನ್ನೋಗಂಟ ಯಾರೂ ಮಿಕ್ಸಿ ತಿರುಗುಸ್ಬೇಡಿ, ಮೋಟ್ರು ಆಕ್ಬೇಡಿ, ಫೀಜ್ ಓಗ್ತದೆ" ಎಂದರು.

ಅವತ್ತು ವಠಾರದಲ್ಲಿ ಚಟ್ನಿಯನ್ನು ಒರಳಿನಲ್ಲಿ ರುಬ್ಬಿದರು. ಅಪ್ಪನಿಗೆ ಡ್ಯೂಟಿ ಇತ್ತು. ಮಕ್ಕಳೆಲ್ಲ ನಮ್ಮ ಮನೆಯ ನೆಲದ ಮೇಲೆ ಕೂತೆವು. ಶಬಾನಕ್ಕ ಮೊದಲು ಚೆಲ್ಲಾಪಿಲ್ಲಿಯಾಗಿದ್ದ ಫೈಲುಗಳನ್ನು ಒಂದು ಕಡೆಗೆ ಒತ್ತರಿಸಿದಳು. ಆಮೇಲೆ ಬೇರೊಂದು ಸಿ.ಡಿ. ಹಾಕಿ ಕಂಪ್ಯೂಟರ್ ಮತ್ತೆ ಶುರು ಮಾಡಿದಳು. ಪರದೆಯಲ್ಲಿ ಎರಡು ಉದ್ದನೆಯ ಪೆಟ್ಟಿಗೆ. ಮೌಸಿನಿಂದ ನಡುವಿನ ಗೆರೆಯನ್ನು ಹಿಡಿದು ಎಳೆದು, ಉಸಿರು ಬಿಗಿಹಿಡಿದು ಒತ್ತಿದಳು.

"ಇನ್ನು ಯಾರೂ ಮುಟ್ಬಾರ್ದು."

ಪರದೆಯ ಮೇಲೆ ನೂರರತ್ತ ಏರುತ್ತಿದ್ದ ಲೆಕ್ಕ ನಲವತ್ತೊಂದಕ್ಕೆ ಬಂದಾಗ ಫ್ಯಾನ್ ನಿಂತಿತು. ಕರೆಂಟು ಹೋಗಿತ್ತು. ಪರದೆ ಒಮ್ಮೆ ನಡುಗಿತು, ಆರಲಿಲ್ಲ. ಇನ್ವರ್ಟರ್ ಹಿಡಿದುಕೊಂಡಿತ್ತು. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ನನಗೆ ತೊಟ್ಟಿಯ ಹಿಂದೆ ಹೇಳಿದ ಮಾತು ನೆನಪಾಯಿತು. ಅದನ್ನು ಯಾರಾದರೂ ಕೇಳಿಸಿಕೊಂಡು ನಡೆಸಿಕೊಟ್ಟುಬಿಟ್ಟರೆ?

ಅರವತ್ತು ದಾಟಿದ ಮೇಲೆ ಇನ್ವರ್ಟರ್ ಕೀಂ ಕೀಂ ಎನ್ನತೊಡಗಿತು. ಬ್ಯಾಟರಿ ಹಳೆಯದು. ಜಯಮ್ಮ ತಮ್ಮ ಮನೆಯ ಫ್ಯಾನು, ಟಿವಿ, ದೀಪ ಎಲ್ಲ ಆರಿಸಿದರು. ಅವರ ಯಜಮಾನರು ಟವೆಲ್ಲಿನಿಂದ ಬೆವರೊರೆಸಿಕೊಳ್ಳುತ್ತ ಜಗಲಿಗೆ ಬಂದು ಕೂತರು. ನಾನು ಎರಡು ಮನೆಗಳ ನಡುವೆ ಓಡಾಡುತ್ತ ಸುದ್ದಿ ಮುಟ್ಟಿಸುತ್ತಿದ್ದೆ.

"ಎಷ್ಟಾಯ್ತವ್ವ?"

"ಎಪ್ಪತ್ತೆಂಟು ತಾತ."

"ಅಂಗಾದ್ರೆ ಪಾಸು ಬುಡು" ಎಂದರು.

ತೊಂಬತ್ತು. ತೊಂಬತ್ತಾರು. ತೊಂಬತ್ತೊಂಬತ್ತರಲ್ಲಿ ಬಹಳ ಹೊತ್ತು ನಿಂತಿತು. ನೂರಾದಾಗ ಶಬಾನಕ್ಕ ಮೊಣಕಾಲಿನ ಮೇಲೆ ಹಣೆಯಿಟ್ಟು ಕೂತುಬಿಟ್ಟಳು. ಕರೆಂಟಿನ್ನೂ ಬಂದಿರಲಿಲ್ಲ.

ಕಂಪ್ಯೂಟರ್ ಮತ್ತೆ ಎದ್ದಿತು. ಸಿ ದೊಡ್ಡದಾಗಿತ್ತು, ಡಿ ಚಿಕ್ಕದಾಗಿತ್ತು. "ಒಂದು ತೆಗ್ದು ನೋಡಿ ಆಂಟಿ" ಎಂದು ಶಬಾನಕ್ಕ ಮೌಸನ್ನು ಅವ್ವನ ಕೈಗೆ ಕೊಟ್ಟಳು. ಅವ್ವ ಆಯಿಯದ್ದನ್ನು ತೆಗೆಯಲಿಲ್ಲ, ಮುತ್ತುವಿನದ್ದನ್ನೂ ತೆಗೆಯಲಿಲ್ಲ. ಹುಡುಕಿ ಹುಡುಕಿ ನನ್ನ ಕುಣಿತ ಹಾಕಿದಳು. ಹಸಿರು ಲಂಗದ ನಾನು ಪರದೆಯ ಮೇಲೆ ತಪ್ಪು ಹೆಜ್ಜೆ ಹಾಕುತ್ತಿದ್ದೆ.

"ಇದೊಂದು ಪೆನ್ ಡ್ರೈವಿನ್ಯಾಗ ಇದ್ದಿಲ್ಲಲ್ಲ" ಎಂದಳು ನನ್ನ ಕಡೆ ನೋಡದೆ. "ರಾತ್ರಿ ನಿದ್ದಿನ ಬರಲಿಲ್ಲ ನನಗ."

ನಾನು ಅವಳ ಬೆನ್ನಿಗೆ ಮುಖ ಒತ್ತಿಕೊಂಡೆ. ಮಧ್ಯಾಹ್ನ ಜಯಮ್ಮನವರ ಮನೆಯಿಂದ ಮುದ್ದೆ, ಮಸ್ಸೊಪ್ಪು ಬಂತು. ಆಮೇಲೆ ಅವ್ವ ಪರೀಕ್ಷೆಯಲ್ಲಿ ಗೆದ್ದು ಪ್ಯಾಟರ್ನ್ ವಿಭಾಗ ಸೇರಿದಳು. ಕೆಲಸ ಬಿಡುವವರೆಗೂ ಅಲ್ಲೇ ಇದ್ದಳು.

ಆ ವಠಾರ ಈಗಿಲ್ಲ. ಅಲ್ಲಿ ಐದು ಅಂತಸ್ತಿನ ಪಿ.ಜಿ. ಎದ್ದಿದೆ. ಶಬಾನಕ್ಕ ಮದುವೆಯಾಗಿ ಹೊಸೂರಿಗೆ ಹೋದಳು, ನಂಬರ್ ಬದಲಾಯಿತು, ಮತ್ತೆ ಸಿಗಲಿಲ್ಲ. ಕಳೆದ ತಿಂಗಳು ನನ್ನ ಲ್ಯಾಪ್‌ಟಾಪಿನಲ್ಲಿ ಇದೇ ಕೆಲಸ ಮಾಡಬೇಕಾಯಿತು. ನಾಲ್ಕು ನಿಮಿಷವೂ ಹಿಡಿಯಲಿಲ್ಲ. ಒಬ್ಬಳೇ ಕೂತು ಮಾಡಿ ಮುಗಿಸಿದೆ. ನಮ್ಮ ಮಹಡಿಯಲ್ಲಿ ಆರು ಮನೆಗಳಿವೆ. ಯಾರ ಸಹಾಯವೂ ಬೇಕಾಗಲಿಲ್ಲ. ಬೇಕಾಗಿದ್ದರೆ ಯಾವ ಬಾಗಿಲಲ್ಲಿ ನಿಂತು ಯಾರ ಹೆಸರು ಕೂಗಬೇಕಿತ್ತೋ, ನನಗೆ ಗೊತ್ತಿಲ್ಲ.