ಝಂಪರಿನ ಅಳತೆಗೆ ಹೋದ ಸಮುದ್ರ

ಆ ಹಳೆಯ ನಕಾಶೆಯನ್ನು ನಾಸಿಕದ ರದ್ದಿ ಅಂಗಡಿಯಲ್ಲಿ ಆರಿಸಿ, ನಿನಗೇ ಇರಲಿ ಎಂದು ಕೊಟ್ಟವರು ನಮ್ಮ ಶಾಲೆಯ ಭೂಗೋಳದ ಶಿಕ್ಷಕಿ. ಉತ್ತರ ಧ್ರುವದ ಹತ್ತಿರದ ಯಾವುದೋ ಹಿಮದ ಕರಾವಳಿ. ಹರಿಯದಿರಲೆಂದು ಹಾಳೆಯ ಬೆನ್ನಿಗೆ ಬಟ್ಟೆ ಅಂಟಿಸಿದ್ದರು. ಒಂದು ಊರಿಲ್ಲ, ಒಂದು ದಾರಿಯಿಲ್ಲ; ಗುಡ್ಡಗಳ ಎತ್ತರ ತೋರಿಸುವ ಕಂದು ಗೆರೆಗಳು, ಉಳಿದ ಅರ್ಧಕ್ಕೂ ಹೆಚ್ಚು ನೀಲಿ ಸಮುದ್ರ, ಅದರಲ್ಲಿ ಅಲ್ಲಲ್ಲಿ ಆಳದ ಅಂಕಿ. ಹೆಣ್ಣು ನೋಡಲು ಬರುವವರ ಮನೆ ಒಂದೂ ಇಲ್ಲದ ಜಾಗವೆಂದು ನನಗೆ ಬಲು ಇಷ್ಟವಾಯಿತು.

ಔರಂಗಾಬಾದಿನ ಕಾಲೇಜಿನಲ್ಲಿ ಭೂಗೋಳದ ಸೀಟಿಗೆ ನಡೆಯುವ ಸಂದರ್ಶನದಲ್ಲಿ ಅದನ್ನು ಹರಡಿ ವಿವರಿಸುವುದೆಂದು ತಯಾರಾಗಿದ್ದೆ. ಬೀದರ್ ಕಡೆಯಿಂದ ನಾಸಿಕಕ್ಕೆ ಬಂದು ಅರಿವೆ ಅಂಗಡಿ ಇಟ್ಟಿದ್ದ ಅಪ್ಪ, "ಸೀಟ್ ಸಿಕ್ರ ಓದು. ಇಲ್ಲಂದ್ರ ಲಗ್ನ," ಎಂದಿದ್ದರು. ನಾನು ನಂಬಿದೆ. ಎಂಥ ದಡ್ಡಿ!

ಹೊರಡುವ ಹಿಂದಿನ ದಿನ ನಕಾಶೆ ಬಿಚ್ಚಿದರೆ ಸಮುದ್ರವೇ ಇಲ್ಲ. ದಂಡೆಯ ಗೆರೆಗೆ ಎಲ್ಲೂ ಕತ್ತರಿ ತಾಗದಂತೆ ಜೋಪಾನವಾಗಿ ಕತ್ತರಿಸಿ ತೆಗೆದಿದ್ದರು. ಹೊಲಿಗೆ ಯಂತ್ರದ ಮುಂದೆ ಅವ್ವ ಕೂತಿದ್ದಳು. ಝಂಪರ್, ಅಂದರೆ ಕುಪ್ಪಸ, ಹೊಲಿಯುವಾಗ ಅವಳು ಮೊದಲು ಕಾಗದದಲ್ಲಿ ಅಳತೆ ಕತ್ತರಿಸಿಕೊಳ್ಳುತ್ತಿದ್ದಳು. ಬೆನ್ನು, ಎದೆ, ತೋಳು, ಎಲ್ಲ ನೀಲಿ ತುಂಡುಗಳು ಅವಳ ಮಗ್ಗುಲಲ್ಲೇ ಇದ್ದವು.

"ಖಾಲಿ ಇದ್ದದ್ದಷ್ಟೇ ತಗೊಂಡೀನಿ," ಎಂದಳು. "ನಿನ್ನ ಗುಡ್ಡ ಒಂದೂ ಮುಟ್ಟಿಲ್ಲ. ಪೇಪರ್ ಹರೀತದ, ಇದು ಗಟ್ಟಿ ಅದ."

"ಯಾರ ಝಂಪರು?"

ಅವ್ವ ಸೂಜಿಗೆ ದಾರ ಪೋಣಿಸತೊಡಗಿದಳು. ಆಗ ಕಣ್ಣಿಗೆ ಬಿತ್ತು, ಮಂಚದ ಮೇಲಿದ್ದ, ಮದುಮಗಳು ಉಡುವಂಥ ಯೇವಲೆಯ ಪೈಠಣಿ ಸೀರೆ.

"ನಿಂದೇ. ಮುಂದಿನ ವಾರ ನಿಶ್ಚಯ ಅದ."

"ಮತ್ತ ನಾಳಿ ಔರಂಗಾಬಾದ್?"

"ಹೋಗಿ ಬಾ. ನಿನ್ನ ಮನಸ್ಸಿಗೂ ಸಮಾಧಾನ ಆಗ್ತದ."

ಆ ಸಮಾಧಾನ ಎಂಬ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಕಾಶೆ ಕತ್ತರಿಸಿದ್ದಕ್ಕಲ್ಲ, ಆ ಮಾತಿಗೆ ಸಿಟ್ಟು. ಹಟಕ್ಕೆ ಬಿದ್ದು ಹೋದೆ. ಉಳಿದ ನೆಲವನ್ನು ಮೇಜಿನ ಮೇಲೆ ಹರಡಿ, ಇಲ್ಲದ ಸಮುದ್ರದ ಆಳವನ್ನು ನೆನಪಿನಿಂದಲೇ ಹೇಳಿದೆ. ಸೀಟು ಸಿಕ್ಕಿತು. ನಿಶ್ಚಯದ ಹಿಂದಿನ ದಿನ ಪತ್ರವೂ ಬಂತು.

ಮರುದಿನ ಗಂಡಿನ ಕಡೆಯವರ ಮುಂದೆ ಅಪ್ಪ ಆ ಪತ್ರವನ್ನು ಗಟ್ಟಿಯಾಗಿ ಓದಿದರು. ಅವರ ಮುಖದಲ್ಲಿ ಅಷ್ಟು ಹೆಮ್ಮೆಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಸೀಟ್ ಸಿಕ್ಕ್ಯದ ರೀ. ಆದ್ರೂ ಕಳಸಂಗಿಲ್ಲ ಅಂದೀವಿ."

ಹಿರಿಯರು ಮೆಚ್ಚಿ ತಲೆದೂಗಿದರು. ನಾನು ಪೈಠಣಿ ಉಟ್ಟು ಎದುರಿಗೆ ಕೂತಿದ್ದೆ. ಝಂಪರ್ ಎಲ್ಲೂ ಬಿಗಿಯಾಗದೆ, ಅಳತೆಗೆ ಸರಿಯಾಗಿ ಕೂತಿತ್ತು.