ಹಗೇವಿನಲ್ಲಿ ಗಾಳಿಯ ತೂಕ

ಅಷ್ಟಮೂರ್ತಿಗಳಲ್ಲಿ ವಾಯುವೂ ಒಂದಾಗಿ, ಕಣ್ಣಿಗೆ ಕಾಣದೆಯೇ ಜೀವಕೋಟಿಯ ಉಸಿರಾಗಿರುವ ಪರಶಿವನಿಗೆ ಮೊದಲ ನಮಸ್ಕಾರ. ಆ ಗಾಳಿಯ ಭಾರವನ್ನು ದಿನವೂ ಅರಿಯಲೆತ್ನಿಸುವ ಕಾಯಕಜೀವಿಯೊಬ್ಬರ ಕಥನವಿದು.

ರಾಮಸಮುದ್ರದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಸಂಡಿಗೆ ಮಾಡಿ ಬದುಕುವ ಶಿವಬಸಮ್ಮ ಅಂಗಳದ ಹಗೇವಿನ ಚಪ್ಪಡಿ ಸರಿಸಿ, ಬ್ಯಾಟರಿ ಹಿಡಿದು ಬಗ್ಗುತ್ತಾರೆ. ಹಿಂದೆ ಜೋಳ ತುಂಬುತ್ತಿದ್ದ ಈ ನೆಲದೊಳಗಿನ ಕಣಜ ಈಗ ಬರಿದು. ಅದರ ಕಂಠದ ಕಲ್ಲಿನ ಮೇಲೆ ಉಪ್ಪಿನಕಾಯಿಯ ಹಳೆಯ ಬಾಟಲಿಯೊಂದಿದೆ. ಬಾಯಿಗೆ ಬಲೂನಿನ ರಬ್ಬರು ಬಿಗಿದಿದೆ. ರಬ್ಬರಿನ ನಡುವೆ ಕಸಬರಿಗೆಯ ಕಡ್ಡಿಯೊಂದರ ಬುಡ ಅಂಟಿದೆ; ಅದರ ತುದಿ ಬಾಟಲಿಯ ಅಂಚು ದಾಟಿ ಹೊರಗೆ ಚಾಚಿದೆ. ಹೊರಗಿನ ಗಾಳಿ ಭಾರವಾಗಿ ಒತ್ತಿದರೆ ರಬ್ಬರು ತಗ್ಗಿ ಕಡ್ಡಿಯ ತುದಿ ಏರುತ್ತದೆ. ಗಾಳಿ ಹಗುರಾದರೆ ರಬ್ಬರು ಉಬ್ಬಿ ತುದಿ ಬಾಗುತ್ತದೆ. ಬಾಗಿದರೆ ಮಳೆಯ ಸೂಚನೆ.

ಇಂದು ತುದಿ ಬಾಗಿದೆ. ಆಕಾಶವೋ ನಿರ್ಮಲ. ಸುರಪುರದ ಮದುವೆಯೊಂದಕ್ಕೆ ಕೊಡಬೇಕಾದ ಸಂಡಿಗೆ ಮಾಳಿಗೆಯ ಮೇಲೆ ಅರೆ ಒಣಗಿದೆ. ಹೊಸ ಹಿಟ್ಟು ಕುದಿಸಲು ಹೆಂಗಸರು ಬಂದು ನಿಂತಿದ್ದಾರೆ.

"ಎಲ್ಲಾ ಕೆಳಗ ಇಳಸ್ರಿ. ಇವತ್ತ ಒಲಿ ಹಚ್ಚೂದು ಬ್ಯಾಡ" ಎನ್ನುತ್ತಾರೆ ಶಿವಬಸಮ್ಮ.

ಬಹುಕಾಲದ ಜೊತೆಗಾತಿ ಅರ್ಜುಮಂದ ಸುಮ್ಮನಿರುವವರಲ್ಲ. "ಅಕ್ಕಾ, ಹೋದ ವರ್ಷದಂಗ ಆತಂದ್ರ ಆ ಬಾಟ್ಲಿದಾಗ ನಾನು ಮತ್ತ ಉಪ್ಪಿನಕಾಯಿ ಹಾಕ್ತೀನಿ ನೋಡು."

ಆ ಕುಟುಕಿಗೆ ಕಾರಣವಿದೆ. ಹೋದ ವರ್ಷ ಅಕಾಲ ಮಳೆಗೆ ಸಂಡಿಗೆಯೆಲ್ಲ ಕರಗಿಹೋದ ಮೇಲೆ, ಶಾಲೆಯ ಪಾಲಕರ ಸಭೆಯಲ್ಲಿ ಪರಿಮಳಾ ಟೀಚರ್ ಇಂಥ ಬಾಟಲಿಯನ್ನು ಮಾಡಿ ತೋರಿಸಿದ್ದರು. ಶಿವಬಸಮ್ಮ ತಾವೂ ಒಂದನ್ನು ಕಟ್ಟಿ, ಕುಂಕುಮವಿಟ್ಟು, ದೇವರ ಜಗಲಿಯಲ್ಲಿ ದೀಪದ ಪಕ್ಕ ಇರಿಸಿದರು. ದೀಪ ಹಚ್ಚಿದಾಗಲೆಲ್ಲ ತುದಿ ಬಾಗಿತು. ಹೆಂಗಸರು ಸಂಡಿಗೆ ಹೊತ್ತು ಇಳಿಸಿದರು. ದಿನವಿಡೀ ಬಿಸಿಲು ಸುರಿಯಿತು. ಓಣಿಯೆಲ್ಲ ನಕ್ಕಿತು. ಒಮ್ಮೆ ಎಣ್ಣೆ ತೀರಿ ದೀಪ ನಂದಿದಾಗ, ಬಾಗಿದ್ದ ತುದಿ ಮೆಲ್ಲಗೆ ಮೇಲೇರಿದ್ದನ್ನು ಅವರು ಕಂಡರು. ಒಳಗಿನ ಗಾಳಿಯನ್ನು ಉಬ್ಬಿಸುತ್ತಿದ್ದುದು ದೀಪದ ಕಾವು.

"ದೇವ್ರ ಮುಂದಿನ ದೀಪ ಹ್ಯಾಂಗ ತಗೀಲಿರಿ? ಬಾಟ್ಲೀನ ಎತ್ತಿದೆ. ಬ್ಯಾಸಿಗ್ಯಾಗೂ ಹಗೇವಿನ ಹೊಟ್ಟಿ ತಣ್ಣಗ ಇರ್ತದ" ಎನ್ನುತ್ತಾರೆ ಶಿವಬಸಮ್ಮ.

ಇಂದು ಮತ್ತೆ ತಪ್ಪಿದರೆ ಮದುವೆಯ ಕೆಲಸ ಹಿಂದೆ ಬೀಳುತ್ತದೆ. ಆದರೂ ಅವರ ಮಾತಿಗೆ ಹೆಂಗಸರು ಸಂಡಿಗೆಯನ್ನೆಲ್ಲ ಕೆಳಗಿಳಿಸುತ್ತಾರೆ; ಮತ್ತೆ ಯಾರೂ ಮಾಳಿಗೆ ಹತ್ತುವುದಿಲ್ಲ. ಮಧ್ಯಾಹ್ನದವರೆಗೂ ಬಿಸಿಲು ಕಾಯುತ್ತದೆ. ಶಿವಬಸಮ್ಮ ಉಣ್ಣದೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಆಮೇಲೆ ಶಹಾಪುರದ ದಿಕ್ಕಿನಿಂದ ಧೂಳು ಏಳುತ್ತದೆ. ಅದರ ಬೆನ್ನಿಗೇ ದಪ್ಪ ಹನಿಗಳು ಬರಿದಾದ ಮಾಳಿಗೆಯ ಮೇಲೆ ಬೀಳುತ್ತವೆ. ಒಳಗೆ ಸಂಡಿಗೆ ಬೆಚ್ಚಗಿದೆ.

ಎಲ್ಲರಿಗಿಂತ ಮೊದಲು ಅಂಗಳಕ್ಕೆ ಓಡಿದವರು ಅರ್ಜುಮಂದ. ಹಗೇವಿನ ಚಪ್ಪಡಿ ಎಳೆದು, ಮೇಲೆ ಗೋಣಿತಾಟು ಹೊದಿಸಿ, ನೆನೆಯುತ್ತಲೇ ಅದನ್ನು ಅದುಮಿ ನಿಲ್ಲುತ್ತಾರೆ.

ಶಿವಬಸಮ್ಮ ಬಾಗಿಲಲ್ಲಿ ನಿಂತು ನೋಡುತ್ತಾರೆ. "ಮಳಿ ತಡಿಯಾಕಿ ನಾ ಅಲ್ರಿ. ಬರೂದು ಗೊತ್ತಾದ್ರ ನಮ್ಮ ಕೈಯಾಗಿನ ಕೆಲ್ಸ ಉಳೀತದ. ಇವತ್ತ ಉಳೀತು."

ಇದನ್ನು ಓದಿದವರ, ಓದಿಸಿ ಕೇಳಿದವರ ಅಂಗಳಕ್ಕೆ ಬಿಸಿಲೂ ಮಳೆಯೂ ತಕ್ಕ ಹೊತ್ತಿಗೆ ಇಳಿಯಲಿ. ಯಾರ ದುಡಿಮೆಯೂ ನೀರುಪಾಲಾಗದಿರಲಿ.